ಕೇಳಿದರೆ ಮಾನ ಹೋಗುವುದಿಲ್ಲ

ಪ್ರಶ್ನೆ: ನನಗೆ 29 ವರ್ಷ. ಕಾಳಗಿ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ನಮ್ಮಪ್ಪ ಶಹಾಬಾದ್ ಕಡೆ ಫರ್ಸಿ ಖಣಿಯಲ್ಲಿ ದುಡಿದವರು. ಕಲ್ಲಿನ ಮೇಲೆ ಸುತ್ತಿಗೆ ತಟ್ಟಿ, ಶಬ್ದ ಕೇಳಿಯೇ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್, ಗಣಿತ ಎರಡರಲ್ಲೂ ಫೇಲಾಗಿ, ಮರುವರ್ಷ ಕಟ್ಟಿ ಪಾಸಾದೆ. ಮುಂದೆ ಓದಲಿಲ್ಲ. ಆರು ವರ್ಷದಿಂದ ಬೆಂಗಳೂರಿನ ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಕಂಪನಿಯೊಂದರಲ್ಲಿ ಹೆಲ್ಪರ್ ಆಗಿದ್ದೇನೆ. ಹಾಪರಿಗೆ ಪ್ಲಾಸ್ಟಿಕ್ ಕಾಳು ತುಂಬುವುದು, ಪೀಸು ತೆಗೆಯುವುದು, ಬ್ಲೇಡಿನಿಂದ ಫ್ಲ್ಯಾಶ್ ಕತ್ತರಿಸುವುದು, ಎಣಿಸಿ ಪ್ಯಾಕ್ ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಯಾರೂ ನನಗೆ ಹೆಸರಿಟ್ಟಿಲ್ಲ. ಮಷೀನಿನ ಶಬ್ದ ಬದಲಾದರೆ ಇನ್ನು ಶಾರ್ಟ್ ಪೀಸು ಬರುತ್ತದೆ ಅಂತ ಮೊದಲೇ ತಿಳಿಯುತ್ತದೆ. ಮಳೆಗಾಲದಲ್ಲಿ ಪೀಸಿನ ಮೇಲೆ ಬೆಳ್ಳಿ ಗೆರೆ ಜಾಸ್ತಿ ಬರುವುದನ್ನೂ ನೋಡಿದ್ದೇನೆ. ಯಾಕೆ ಅಂತ ಗೊತ್ತಿಲ್ಲ.

ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಆಪರೇಟರ್ ಬಂದಿರಲಿಲ್ಲ. ನನ್ನನ್ನೇ ಮಷೀನಿನ ಮೇಲೆ ನಿಲ್ಲಿಸಿದರು. ನಡುರಾತ್ರಿ ಅಲಾರಂ ಹೊಡೆಯಿತು. ಪ್ಯಾನೆಲ್ ಮೇಲೆ ಇಂಗ್ಲಿಷಿನಲ್ಲಿ ಬಂದದ್ದನ್ನು ಓದಲು ಆಗಲಿಲ್ಲ. ಪಕ್ಕದ ಮಷೀನಿನವನನ್ನು ಕೇಳಲು ನಾಚಿಕೆಯಾಗಿ ರಿಸೆಟ್ ಒತ್ತಿಬಿಟ್ಟೆ. ಒಳಗೆ ಪೀಸು ಸಿಕ್ಕಿಕೊಂಡಿತ್ತು, ಮೋಲ್ಡಿನ ಪಿನ್ ಬಾಗಿತು. ಸೂಪರ್‌ವೈಸರ್ ಎಲ್ಲರ ಮುಂದೆ, "ಓದೋಕೆ ಬರದವನು ಮಷೀನ್ ಯಾಕೆ ಮುಟ್ತೀಯ" ಅಂದರು. ಆವತ್ತಿನಿಂದ ಪ್ಯಾನೆಲ್ ಹತ್ತಿರ ಹೋದರೆ ಕೈ ನಡುಗುತ್ತದೆ.

ಈಗ ಕಂಪನಿಯವರು ಮೂರು ತಿಂಗಳ ಆಪರೇಟರ್ ತರಬೇತಿಗೆ ಮೈಸೂರಿಗೆ ಕಳಿಸುತ್ತೇವೆ ಅನ್ನುತ್ತಿದ್ದಾರೆ. ಜೊತೆಗೆ ಬರುವವರೆಲ್ಲ 20–21 ವಯಸ್ಸಿನ ಐಟಿಐ, ಡಿಪ್ಲೊಮಾ ಹುಡುಗರು. ಕೇಳಿದಾಗಿನಿಂದ ಸರಿಯಾಗಿ ನಿದ್ದೆಯಿಲ್ಲ. ಊರಲ್ಲಿರುವ ಹೆಂಡತಿ "ಹೋಗಿ ಬರ್ರಿ, ಮನಿ ನಾ ನೋಡ್ಕೋತೀನಿ" ಅನ್ನುತ್ತಾಳೆ. ನನಗೋ, ಬೇಡ ಅಂತ ಹೇಳಿ ಊರಿಗೆ ಹೋಗಿ ಇರುವ ಎರಡು ಎಕರೆಯಲ್ಲಿ ತೊಗರಿ ಬೆಳೆದುಕೊಂಡು ಇದ್ದುಬಿಡೋಣ ಅನಿಸುತ್ತದೆ. ನಾನು ಹೇಡಿಯೇ? ಏನು ಮಾಡಲಿ?

— ಹೆಸರು ಬೇಡ, ಕಾಳಗಿ ತಾಲ್ಲೂಕು

ಉತ್ತರ: ಇಲ್ಲ, ನೀವು ಹೇಡಿಯಲ್ಲ. ಎಲ್ಲರ ಮುಂದೆ ಅವಮಾನವಾದ ಮನುಷ್ಯನಿಗೆ ಆಗುವುದೇ ನಿಮಗೂ ಆಗಿದೆ. ಪ್ಯಾನೆಲ್ ಹತ್ತಿರ ಹೋದಾಗ ಕೈ ನಡುಗುವುದು, ತರಬೇತಿಯ ಮಾತು ಬಂದಾಗ ನಿದ್ದೆ ಹಾರಿಹೋಗುವುದು, ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅನಿಸುವುದು ಇವೆಲ್ಲ ಒಂದೇ ನೋವಿನಿಂದ ಹುಟ್ಟಿದವು. ನೋವಾದ ಜಾಗಕ್ಕೆ ಮತ್ತೆ ಪೆಟ್ಟು ಬೀಳದಿರಲಿ ಎಂದು ಮನಸ್ಸು ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿದೆ. ಅದಕ್ಕೆ ನಾಚಿಕೊಳ್ಳಬೇಕಾದ್ದಿಲ್ಲ. ಇಷ್ಟನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದೀರಲ್ಲ, ಹೇಡಿಯಿಂದ ಆಗುವ ಕೆಲಸವಲ್ಲ ಅದು.

ಆ ರಾತ್ರಿಯ ವಿಷಯವನ್ನು ಮೊದಲು ನೇರ ಮಾಡಿಕೊಳ್ಳೋಣ. ತರಬೇತಿ ಇಲ್ಲದ ಹೆಲ್ಪರನನ್ನು ರಾತ್ರಿ ಪಾಳಿಯಲ್ಲಿ ಮಷೀನಿನ ಮೇಲೆ ನಿಲ್ಲಿಸಿದ್ದು ನಿಮ್ಮ ತೀರ್ಮಾನವಾಗಿರಲಿಲ್ಲ. ಅಲಾರಂ ಬಂದರೆ ಏನು ಮಾಡಬೇಕೆಂದು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರ ಹೊಣೆ ನಿಮ್ಮದಲ್ಲ, ಅದನ್ನು ಹೆಗಲಿನಿಂದ ಇಳಿಸಿ. ನಿಮ್ಮ ಪಾಲಿನದು ಒಂದೇ: ತಿಳಿಯದಿದ್ದಾಗ ಕೇಳದೆ ಗುಂಡಿ ಒತ್ತಿದ್ದು. ಅದನ್ನು ತಿದ್ದಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ. ಅದರ ಬಗ್ಗೆ ಮುಂದೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಈಗ ಭಯದ ಮೂಲ ನೋಡಿ. ಆರು ವರ್ಷ ಆ ಮಷೀನಿನ ಪಕ್ಕದಲ್ಲೇ ನಿಂತಿದ್ದೀರಿ. ಅದರ ಶಾಖ, ಸದ್ದು, ವಾಸನೆ ಯಾವುದೂ ನಿಮಗೆ ಹೊಸದಲ್ಲ. ನೀವು ಹೆದರುತ್ತಿರುವುದು ಬೆಂಚು, ಬೋರ್ಡು, ಪರೀಕ್ಷೆಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಆದ ಗಾಯ ಇನ್ನೂ ಮಾಗಿಲ್ಲ, ಸೂಪರ್‌ವೈಸರ್ ಮಾತು ನೇರವಾಗಿ ಅಲ್ಲಿಗೇ ತಾಗಿತು. ಆದರೆ ಹದಿನಾರರ ಹುಡುಗ ಬರೆದ ಎರಡು ಪತ್ರಿಕೆಗಳು ಇಪ್ಪತ್ತೊಂಬತ್ತರ ಕೆಲಸಗಾರನ ಬುದ್ಧಿಯನ್ನು ಅಳೆಯಲಾರವು. ಆ ಹುಡುಗ ಮರುವರ್ಷ ಮತ್ತೆ ಕೂತು ಪಾಸಾದ ಎಂಬುದನ್ನು ನೀವೇ ಬರೆದಿದ್ದೀರಿ, ಆದರೆ ಲೆಕ್ಕಕ್ಕೆ ಹಿಡಿದಿಲ್ಲ.

ನಿಮಗೆ ಗೊತ್ತಿರುವುದು ಎಷ್ಟು ಎಂದು ನಿಮ್ಮ ಪತ್ರವೇ ಹೇಳುತ್ತದೆ. ಮಳೆಗಾಲದಲ್ಲಿ ಪೀಸಿನ ಮೇಲೆ ಬೆಳ್ಳಿ ಗೆರೆ ಜಾಸ್ತಿ ಎಂದು ಬರೆದಿರಿ. ಕಾರಣ ಇದು: ಎಬಿಎಸ್, ನೈಲಾನ್, ಪಾಲಿಕಾರ್ಬೊನೇಟ್‌ನಂಥ ಕಾಳುಗಳು ಗಾಳಿಯ ತೇವ ಹೀರುತ್ತವೆ. ಒಣಗಿಸದೆ ಹಾಪರಿಗೆ ಸುರಿದರೆ ಆ ತೇವ ಬ್ಯಾರಲ್ ಒಳಗೆ ಆವಿಯಾಗಿ, ಕರಗಿದ ಪ್ಲಾಸ್ಟಿಕ್ ಮೋಲ್ಡಿನೊಳಗೆ ಹರಿಯುವಾಗ ಮೈಮೇಲೆ ಗೆರೆ ಎಳೆಯುತ್ತದೆ. ಅದಕ್ಕೇ ಎಬಿಎಸ್ ಕಾಳನ್ನು ಸುಮಾರು 80 ಡಿಗ್ರಿಯಲ್ಲಿ, ಪಾಲಿಕಾರ್ಬೊನೇಟನ್ನು ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಡ್ರೈಯರಿನಲ್ಲಿ ಇಡುವುದು. ಪಾಲಿಪ್ರೊಪಿಲಿನ್‌ಗೆ ಸಾಮಾನ್ಯವಾಗಿ ಈ ಕಾಟವಿಲ್ಲ. ತರಬೇತಿಯಲ್ಲಿ ಇದೇ ಒಂದು ಪಾಠ. ಡಿಪ್ಲೊಮಾ ಹುಡುಗರು ಅದನ್ನು ಪುಸ್ತಕದಿಂದ ಕಲಿಯಬೇಕು. ನೀವು ಆರು ಮಳೆಗಾಲ ಕಣ್ಣಾರೆ ನೋಡಿದ್ದೀರಿ, ಕಾರಣವೊಂದು ಬಾಕಿ ಇತ್ತು.

ಮಷೀನಿನ ಶಬ್ದ ಬದಲಾದರೆ ಶಾರ್ಟ್ ಬರುವುದು ತಿಳಿಯುತ್ತದೆ ಎನ್ನುತ್ತೀರಿ. ನಿಮ್ಮ ತಂದೆ ಸುತ್ತಿಗೆ ತಟ್ಟಿ ಕಲ್ಲಿನ ಒಳಗನ್ನು ತಿಳಿಯುತ್ತಿದ್ದದ್ದೂ ಹೀಗೆಯೇ. ಅವರ ಆ ಕಿವಿಗೆ ಯಾವ ಸರ್ಟಿಫಿಕೇಟೂ ಸಿಗಲಿಲ್ಲ, ಅದಕ್ಕೆ ತಕ್ಕ ಕೂಲಿಯೂ ಸಿಕ್ಕಿರಲಾರದು. ಅವರಿಗೆ ಬಾರದ ಅವಕಾಶವೊಂದು ನಿಮ್ಮ ಬಾಗಿಲಿಗೆ ಬಂದಿದೆ. ನಿಮ್ಮ ಕಿವಿಗೆ ತಿಳಿದದ್ದನ್ನು ಕಾರಣ ಸಹಿತ ಹೇಳಲು ಕಲಿತರೆ, ನಾಳೆ ಅದೇ ಸೂಪರ್‌ವೈಸರ್‌ಗೆ "ಸರ್, ಒತ್ತಡ ಸಾಲುತ್ತಿಲ್ಲ, ಒಮ್ಮೆ ನೋಡಿ" ಎಂದು ತಲೆಯೆತ್ತಿ ಹೇಳಬಹುದು. ತರಬೇತಿಯಿಂದ ಬದಲಾಗುವುದು ಇಷ್ಟೇ, ಸಂಬಳ ಬದಲಾಗುವುದೂ ಬಹುಮಟ್ಟಿಗೆ ಇದರಿಂದಲೇ.

ಇನ್ನು ಗಟ್ಟಿಯಾಗಿ ಹೇಳುತ್ತೇನೆ ಎಂದ ಮಾತು. ಆ ರಾತ್ರಿ ಬಾಗಿದ್ದು ಪಿನ್. ಅದನ್ನು ಟೂಲ್‌ರೂಮಿನಲ್ಲಿ ಸರಿ ಮಾಡುತ್ತಾರೆ. ನಿಮ್ಮ ಕೈ ಒಳಗಿದ್ದಿದ್ದರೆ? 150 ಟನ್ ಮಷೀನ್ ಎಂದರೆ ಮೋಲ್ಡಿನ ಎರಡು ಹೋಳುಗಳನ್ನು ಅಷ್ಟು ಬಲದಿಂದ ಒತ್ತಿ ಹಿಡಿಯುವ ಮಷೀನು. ಬ್ಯಾರಲ್ ಒಳಗಿನ ಪ್ಲಾಸ್ಟಿಕ್ ಸಾಮಾನ್ಯವಾಗಿ 200 ಡಿಗ್ರಿಗೂ ಮೇಲೆ ಕಾದಿರುತ್ತದೆ, ಚರ್ಮಕ್ಕೆ ತಗುಲಿದರೆ ಅಂಟಿಕೊಂಡು ಸುಡುತ್ತದೆ. ಪಿವಿಸಿ ಅತಿಯಾಗಿ ಕಾದರೆ ಕಣ್ಣು, ಗಂಟಲು ಸುಡುವ ಆಮ್ಲದ ಹೊಗೆ ಬಿಡುತ್ತದೆ. ಪಿವಿಸಿ ಓಡಿದ ಬ್ಯಾರಲಿಗೆ ಸರಿಯಾಗಿ ಪರ್ಜ್ ಮಾಡದೆ, ಎಂದರೆ ಹಳೆ ಮಾಲನ್ನು ಪೂರ್ತಿ ಹೊರಹಾಕದೆ, ಅಸಿಟಾಲ್ ಎಂಬ ಪ್ಲಾಸ್ಟಿಕ್ ಹಾಕಿದರೆ ಎರಡೂ ಕೂಡಿ ಸಿಡಿಯುವ ಅಪಾಯವಿದೆ. ಇಂಥ ಜಾಗದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸಿಕೊಳ್ಳುವುದು ಮರ್ಯಾದೆ ಉಳಿಸಿಕೊಳ್ಳುವ ದಾರಿಯಲ್ಲ, ಕೈ ಕಳೆದುಕೊಳ್ಳುವ ದಾರಿ. ನಾಚಿಕೆ ಒಂದು ಕ್ಷಣದ್ದು, ಕೈ ಜೀವಮಾನದ್ದು. ತರಬೇತಿಗೆ ಹೋಗಿ, ಬಿಡಿ, ಒಂದು ಮಾತು ಮಾತ್ರ ಇವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ: ತಿಳಿಯದ ಅಲಾರಂ ಬಂದರೆ ರಿಸೆಟ್ ಒತ್ತುವುದಿಲ್ಲ, ಮಷೀನ್ ನಿಲ್ಲಿಸಿ ತಿಳಿದವರನ್ನು ಕರೆಯುತ್ತೇನೆ. ಸೇಫ್ಟಿ ಗೇಟಿನ ಸ್ವಿಚ್ಚನ್ನು ಕಟ್ಟಿಹಾಕಿ ಓಡಿಸು ಎಂದು ಯಾರೇ ಹೇಳಲಿ, ಒಪ್ಪಬೇಡಿ.

ಈಗ ಮಾಡಬೇಕಾದ ಕೆಲಸಗಳು. ಎಲ್ಲ ಒಂದೇ ದಿನ ಬೇಡ, ಒಂದಾದ ಮೇಲೊಂದು ಮಾಡಿ.

ಒಂದು, ಹೂಂ ಅಥವಾ ಊಹೂಂ ಅನ್ನುವ ಮೊದಲು ವಿವರ ಕೇಳಿಕೊಳ್ಳಿ. ತರಬೇತಿ ಯಾವ ಸಂಸ್ಥೆಯಲ್ಲಿ? ಪಾಠ ಯಾವ ಭಾಷೆಯಲ್ಲಿ, ಕನ್ನಡದಲ್ಲಿ ವಿವರಿಸುವವರಿದ್ದಾರೆಯೇ? ಪರೀಕ್ಷೆ ಬರವಣಿಗೆಯದೋ, ಮಷೀನಿನ ಮೇಲೆ ಮಾಡಿ ತೋರಿಸುವುದೋ? ಆ ಮೂರು ತಿಂಗಳು ಸಂಬಳ ಬರುತ್ತದೆಯೇ, ಊಟ-ವಸತಿ ಯಾರದು? ಮುಗಿಸಿ ಬಂದ ಮೇಲೆ ಆಪರೇಟರ್ ಕೆಲಸವೇ, ಸಂಬಳ ಎಷ್ಟು? ಇಷ್ಟು ವರ್ಷ ಕೆಲಸ ಬಿಡಬಾರದು ಎಂಬ ಬಾಂಡ್ ಬರೆಸಿಕೊಳ್ಳುತ್ತಾರೆಯೇ? ಉತ್ತರಗಳನ್ನು ಕಾಗದದ ಮೇಲೆ ಪಡೆಯಿರಿ. ಓದಿ ತಿಳಿಯದ ಕಾಗದಕ್ಕೆ ಸಹಿ ಮಾಡಬೇಡಿ, ನಂಬಿಕೆಯವರಿಂದ ಓದಿಸಿ. ಓವರ್‌ಟೈಮ್ ತಪ್ಪಿದರೆ ಮನೆ ಹೇಗೆ ನಡೆದೀತು ಎಂಬ ಚಿಂತೆಯೂ ನಿಮಗೆ ಇದ್ದೀತು, ಪತ್ರದಲ್ಲಿ ಬರೆದಿಲ್ಲ ಅಷ್ಟೆ. ವಿವರ ಕೈಗೆ ಬಂದರೆ ಹೆಂಡತಿಯೊಂದಿಗೆ ಕೂತು ಲೆಕ್ಕ ಹಾಕಬಹುದು. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಮೈಸೂರು ಎಂದಿದ್ದೀರಿ. ಅಲ್ಲಿ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಇದೆ. ಪ್ಲಾಸ್ಟಿಕ್ ಕೆಲಸಕ್ಕೆ ನುರಿತ ಜನ ಬೇಕೆಂದು 1968ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಚೆನ್ನೈನಲ್ಲಿ ಶುರುವಾದ ಸಂಸ್ಥೆ ಅದು. ಮೂರು ವರ್ಷದ ಡಿಪ್ಲೊಮಾ ಅಲ್ಲದೆ ಮಷೀನ್ ಆಪರೇಟರುಗಳಿಗೆಂದೇ ಕಡಿಮೆ ಅವಧಿಯ ತರಬೇತಿಗಳೂ ಅಲ್ಲಿ ನಡೆಯುತ್ತವೆ. ನಿಮ್ಮನ್ನು ಕಳಿಸುತ್ತಿರುವುದು ಅಲ್ಲಿಗೋ ಬೇರೆಡೆಗೋ ಖಚಿತ ಮಾಡಿಕೊಳ್ಳಿ. ಎಲ್ಲಿಗೇ ಆಗಲಿ, ಕೊನೆಗೆ ಕೊಡುವ ಸರ್ಟಿಫಿಕೇಟ್ ಬೇರೆ ಕಂಪನಿಯಲ್ಲೂ ನಡೆಯುತ್ತದೆಯೇ ಎಂದು ಕೇಳಿ.

ಎರಡು, ಒಂದು ನೋಟ್‌ಬುಕ್ ಇಡಿ. ಪ್ಯಾನೆಲ್ ಮೇಲೆ ದಿನವೂ ಕಾಣುವ ಇಂಗ್ಲಿಷ್ ಪದಗಳು ಬೆರಳೆಣಿಕೆಯವು. ಅಕ್ಷರದ ಆಕಾರವನ್ನು ನೋಡಿ ಹಾಗೆಯೇ ಬರೆದುಕೊಳ್ಳಿ, ಪಕ್ಕದಲ್ಲಿ ಕನ್ನಡದಲ್ಲಿ ಉಚ್ಚಾರ, ಅದರ ಪಕ್ಕದಲ್ಲಿ ಅರ್ಥ. ಇಂಜೆಕ್ಷನ್ ಪ್ರೆಷರ್: ಕರಗಿದ ಮಾಲನ್ನು ಒಳಗೆ ತಳ್ಳುವ ಒತ್ತಡ. ಹೋಲ್ಡಿಂಗ್ ಪ್ರೆಷರ್: ತುಂಬಿದ ಮೇಲೆ ತಣಿಯುವಾಗ ಕುಗ್ಗದಂತೆ ಹಿಡಿದಿಡುವ ಒತ್ತಡ. ಕೂಲಿಂಗ್ ಟೈಮ್: ತಣಿಯುವ ಹೊತ್ತು, ಸಾಮಾನ್ಯವಾಗಿ ಒಂದು ಸೈಕಲ್ಲಿನಲ್ಲಿ ಹೆಚ್ಚು ಸಮಯ ಹಿಡಿಯುವುದು ಇದೇ. ದಿನಕ್ಕೆ ಎರಡು ಪದ ಸಾಕು. ಮೈಸೂರಿಗೆ ಹೊರಡುವ ಹೊತ್ತಿಗೆ ಪ್ಯಾನೆಲ್ ಅಪರಿಚಿತವಾಗಿ ಉಳಿದಿರುವುದಿಲ್ಲ.

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನೀವು ನೋಡಿದ ರಿಜೆಕ್ಷನ್ ಬರೆಯಿರಿ. ಪೀಸು ಪೂರ್ತಿ ತುಂಬದೆ ಬಂದರೆ ಶಾರ್ಟ್: ಮಾಲು ಕಡಿಮೆ ಬಿದ್ದಿರಬಹುದು, ಒತ್ತಡ ಅಥವಾ ಶಾಖ ಸಾಲದಿರಬಹುದು. ಅಂಚಿನಲ್ಲಿ ತೆಳು ಪದರ ಎದ್ದರೆ ಫ್ಲ್ಯಾಶ್: ಒತ್ತಡ ಹೆಚ್ಚಿರಬಹುದು, ಮೋಲ್ಡ್ ಬಿಗಿಯಾಗಿ ಮುಚ್ಚದಿರಬಹುದು, ಸವೆದಿರಬಹುದು. ದಪ್ಪ ಜಾಗದಲ್ಲಿ ಕುಳಿ ಬಿದ್ದರೆ ಹೋಲ್ಡಿಂಗ್ ಸಾಲದಿರಬಹುದು. ತುದಿಯಲ್ಲಿ ಕಪ್ಪು ಸುಟ್ಟ ಕಲೆ ಬಂದರೆ ಗಾಳಿ ಹೊರಹೋಗಲಾರದೆ ಒಳಗೇ ಸಿಕ್ಕಿ ಕಾದಿರಬಹುದು. ಯಾವ ತಿಂಗಳು, ಯಾವ ಮಾಲು, ಯಾವ ಪಾಳಿ ಎಂದೂ ಬರೆಯಿರಿ. ಈ ಪುಟಗಳು ತರಗತಿಗೆ ನೀವು ಒಯ್ಯುವ ಗಂಟು. ಜೊತೆಯ ಹುಡುಗರ ಬಳಿ ಇದು ಇರುವುದಿಲ್ಲ.

ಮೂರು, ಮೊದಲ ದಿನವೇ ಕಲಿಸುವವರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಮಾತು ಉದ್ದ ಬೇಡ. "ಸರ್, ಆರು ವರ್ಷ ಮಷೀನಿನ ಹತ್ತಿರ ಕೆಲಸ ಮಾಡಿದ್ದೀನಿ. ಇಂಗ್ಲಿಷ್ ಓದೋದು ನಿಧಾನ. ತಿಳಿಯದಿದ್ದರೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ." ಕನ್ನಡಿಯ ಮುಂದೆ ನಿಂತು, ಫೋನಿನಲ್ಲಿ ಹೆಂಡತಿಯ ಮುಂದೆ, ಈ ಮೂರು ಮಾತು ಬಾಯಿಗೆ ಬರುವ ತನಕ ಹೇಳಿ ನೋಡಿ. ಬಚ್ಚಿಟ್ಟ ವಿಷಯ ಯಾವಾಗ ಹೊರಬೀಳುತ್ತದೋ ಎಂಬ ಅಳುಕು ಇರುತ್ತದೆ, ನಾವೇ ಹೇಳಿಬಿಟ್ಟರೆ ಆ ಅಳುಕಿಗೆ ಜಾಗವಿಲ್ಲ. ಜೊತೆಯ ಹುಡುಗರಲ್ಲಿ ಒಬ್ಬನೊಂದಿಗೆ ಸ್ನೇಹ ಮಾಡಿಕೊಳ್ಳಿ. ಅವನು ನಿಮಗೆ ಪುಸ್ತಕ ಓದಿ ಹೇಳಲಿ, ನೀವು ಅವನಿಗೆ ಮಷೀನ್ ತೋರಿಸಿ. ವಯಸ್ಸಿನ ಅಂತರ ಆಗ ಯಾರಿಗೂ ನೆನಪಿರುವುದಿಲ್ಲ.

ನಾಲ್ಕು, ಊರಿಗೆ ಹೋಗುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಬಿಟ್ಟೇಬಿಡಿ ಎಂದು ಹೇಳುತ್ತಿಲ್ಲ. ತೊಗರಿ ಹೊಲಕ್ಕೆ ಮರಳುವುದರಲ್ಲಿ ಯಾವ ಕೀಳೂ ಇಲ್ಲ. ನಮ್ಮ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೇ ಸಿಕ್ಕಿದೆ. ಬೇಸಾಯ ಬೇಕೆಂದು ಹೋದರೆ ಸಂತೋಷ, ಭಯದಿಂದ ತಪ್ಪಿಸಿಕೊಳ್ಳಲು ಹೋದರೆ ಆ ಭಯವೂ ಜೊತೆಗೇ ಬರುತ್ತದೆ. ಮಳೆ ನಂಬಿದ ಎರಡು ಎಕರೆಯ ಕಷ್ಟ ನಿಮಗೇ ಗೊತ್ತು. ಕೈಯಲ್ಲಿ ಆಪರೇಟರ್ ಸರ್ಟಿಫಿಕೇಟ್ ಇದ್ದರೆ ಪೀಣ್ಯದಲ್ಲೂ ದುಡಿಯಬಹುದು, ಮುಂದೆ ಮನೆಗೆ ಹತ್ತಿರವಾಗಲೆಂದು ಕಲಬುರಗಿ, ಹೈದರಾಬಾದ್, ಸೊಲ್ಲಾಪುರದ ಕಡೆಯೂ ಕೆಲಸ ಹುಡುಕಬಹುದು. ತರಬೇತಿ ಊರಿನ ದಾರಿಯನ್ನು ಮುಚ್ಚುವುದಿಲ್ಲ.

ಐದು, ಮನಸ್ಸಿನ ಆರೋಗ್ಯ. ಹೊಸ ಕೆಲಸಕ್ಕೆ ಮುಂಚೆ ನಾಲ್ಕು ದಿನ ನಿದ್ದೆ ಕೆಡುವುದು ಸಹಜ. ಆದರೆ ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುತ್ತಿದ್ದರೆ, ಊಟ ಸೇರದಿದ್ದರೆ, ನಿದ್ದೆಗೆಂದು ಕುಡಿತದ ಮೊರೆ ಹೋಗುವಂತಾದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ಹೋಗಿ. ಊರಿಗೆ ಬಂದಾಗ ಕಲಬುರಗಿಯ ಸೇಡಂ ರಸ್ತೆಯಲ್ಲೂ ಇಎಸ್‌ಐ ಆಸ್ಪತ್ರೆಯಿದೆ. ಮೈಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆ, ಮನಸ್ಸು ಬಳಲಿದಾಗಲೂ ಹಾಗೆಯೇ ಹೋಗಬೇಕು.

ಈ ಪತ್ರವನ್ನು ಓದುತ್ತಿರುವ ಸೂಪರ್‌ವೈಸರುಗಳಿಗೆ, ಮಾಲೀಕರಿಗೆ ಒಂದು ಮಾತು. ಉತ್ಪಾದನೆ ನಿಂತಾಗ ನಿಮ್ಮ ಮೇಲೂ ಒತ್ತಡವಿರುತ್ತದೆ, ಬಾಯಿಂದ ಬಿರುಸು ಮಾತು ಬಂದುಬಿಡುತ್ತದೆ, ಒಪ್ಪುತ್ತೇನೆ. ಆದರೆ ಎಲ್ಲರ ಮುಂದೆ ಅವಮಾನ ಮಾಡಿದ ಕೆಲಸಗಾರ ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾನೆ, ಆಗ ಆಗುವ ನಷ್ಟ ಒಂದು ಪಿನ್ನಿಗೆ ನಿಲ್ಲುವುದಿಲ್ಲ. ಅಲಾರಂಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಪ್ರತಿ ಮಷೀನಿನ ಪಕ್ಕ ಅಂಟಿಸಿ. ಒಂದು ಹಾಳೆಯ ಖರ್ಚು. ತರಬೇತಿ ಇಲ್ಲದವರನ್ನು ರಾತ್ರಿ ಒಂಟಿಯಾಗಿ ಮಷೀನಿನ ಮೇಲೆ ನಿಲ್ಲಿಸಬೇಡಿ.

ಕಾಳಗಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ತಂದೆತಾಯಂದಿರೇ, ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಸಿಮೆಂಟ್ ಕಾರ್ಖಾನೆ ಅಥವಾ ವಲಸೆ ಇವೆರಡೇ ದಾರಿಯಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಸಂಸ್ಥೆ ಜಿಟಿಟಿಸಿಯ ಕೇಂದ್ರ ಕಲಬುರಗಿಯಲ್ಲೇ ಇದೆ. ಮೋಲ್ಡ್, ಡೈ ತಯಾರಿಸುವ ವಿದ್ಯೆ ಅಲ್ಲಿ ಸಿಗುತ್ತದೆ. ಒಮ್ಮೆ ಹೋಗಿ ವಿಚಾರಿಸಿ. ಇಂಗ್ಲಿಷಿನಲ್ಲಿ ಕಡಿಮೆ ಅಂಕ ಬಂದ ಮಗುವಿಗೆ "ನಿನ್ನ ಹಣೇಬರಹವೇ ಇಷ್ಟು" ಎಂದು ಮಾತ್ರ ಹೇಳಬೇಡಿ. ಅಂಥ ಗಾಯ ಹದಿಮೂರು ವರ್ಷ ಕಳೆದರೂ ಮಾಗುವುದಿಲ್ಲ ಎಂಬುದಕ್ಕೆ ಈ ಪತ್ರವೇ ಸಾಕ್ಷಿ.

ಕೊನೆಯದಾಗಿ ನಿಮಗೆ. ಮೂರು ತಿಂಗಳಲ್ಲಿ ಕೆಲವು ದಿನ ತಲೆಗೆ ಏನೂ ಹತ್ತದಂತೆ ಅನಿಸುತ್ತದೆ. ಒಂದೆರಡು ಪರೀಕ್ಷೆಯಲ್ಲಿ ಅಂಕ ಕಡಿಮೆಯೂ ಬಂದೀತು. ಅದರಿಂದ ನೀವು ದಡ್ಡರಾಗುವುದಿಲ್ಲ, ಕಲಿಯುವುದು ಹಾಗೆಯೇ ನಡೆಯುವುದು. ಈ ವಾರವೇ ಕಂಪನಿಯ ಆಫೀಸಿಗೆ ಹೋಗಿ ವಿವರ ಕೇಳಿ. ಉತ್ತರ ಸರಿಯೆನಿಸಿದರೆ ಹೂಂ ಅನ್ನಿ. ಮನೆ ನೋಡಿಕೊಳ್ಳುತ್ತೇನೆ ಎಂದು ಧೈರ್ಯ ಹೇಳುವ ಹೆಂಡತಿ ನಿಮಗಿದ್ದಾರೆ, ಆರು ವರ್ಷದ ದುಡಿಮೆ ಬೆನ್ನಿಗಿದೆ. ತಿಳಿಯದ ಕಡೆ ಕೈ ಎತ್ತಿ ಕೇಳಿ. ಹಾಗೆ ಕೇಳಿ ಕೇಳಿಯೇ ನೀವು ಒಳ್ಳೆಯ ಆಪರೇಟರ್ ಆಗುತ್ತೀರಿ.